ಹಳೆಯ ಮಾರಿಯೋ ಆಟಗಳನ್ನು ಮತ್ತೆ ಆಡಿ ನಿಮ್ಮದೇ ರ‍್ಯಾಂಕಿಂಗ್ ಮಾಡುವುದು ಹೇಗೆ

ಮಾರಿಯೋ ಆಟಗಳಲ್ಲಿ ನಿಮಗೆ ಯಾವುದು ಎಲ್ಲಕ್ಕಿಂತ ಇಷ್ಟ ಅಂತ ಯಾರನ್ನಾದರೂ ಕೇಳಿ. ಉತ್ತರ ತಕ್ಷಣ ಬರುತ್ತದೆ. ಆಮೇಲೆ ಇನ್ನೊಂದು ಪ್ರಶ್ನೆ ಕೇಳಿ: ಆ ಆಟದ ಆರನೇ ವರ್ಲ್ಡ್ (ಕೆಲವು ಲೆವೆಲ್‌ಗಳು ಸೇರಿದ ಒಂದು ಭಾಗ) ಹೇಗಿತ್ತು? ಇಲ್ಲಿ ಹೆಚ್ಚಿನವರು ತಡವರಿಸುತ್ತಾರೆ. ನಾನೂ ತಡವರಿಸಿದ್ದೆ.

ನಮ್ಮಲ್ಲಿ 90ರ ದಶಕದಲ್ಲಿ ಟಿವಿ ಗೇಮ್ ಆಡಿ ಬೆಳೆದವರಿಗೆ ಇದರ ಕಾರಣ ಗೊತ್ತಿರುತ್ತದೆ. ಕ್ಯಾಸೆಟ್ ಹಾಕಬೇಕು, ಬರದಿದ್ದರೆ ತೆಗೆದು ಊದಿ ಮತ್ತೆ ಹಾಕಬೇಕು, ಟಿವಿಯಲ್ಲಿ ಚಾನೆಲ್ ಟ್ಯೂನ್ ಮಾಡಬೇಕು, ಅಷ್ಟೊತ್ತಿಗೆ ಮನೆಯವರ ಧಾರಾವಾಹಿ ಹೊತ್ತಾಗುತ್ತಿತ್ತು ಅಥವಾ ಕರೆಂಟ್ ಹೋಗುತ್ತಿತ್ತು. ಆಟವನ್ನು ಸೇವ್ ಮಾಡಿ ಇಡುವ ದಾರಿಯೇ ಇರಲಿಲ್ಲ. ಹಾಗಾಗಿ ಮೊದಲ ಮಾರಿಯೋದಲ್ಲಿ ಎಲ್ಲರೂ ಒಂದೇ ಶಾರ್ಟ್‌ಕಟ್ ಕಲಿತೆವು. 1-2ರಲ್ಲಿ, ಅಂದರೆ ಮೊದಲ ವರ್ಲ್ಡಿನ ಎರಡನೇ ಲೆವೆಲ್‌ನಲ್ಲಿ, ಮೇಲಿನ ಇಟ್ಟಿಗೆ ಸಾಲು ಹತ್ತಿ ಓಡು, ವಾರ್ಪ್ ಪೈಪಿನಲ್ಲಿ (ನಡುವಿನ ವರ್ಲ್ಡ್‌ಗಳನ್ನು ಹಾರಿಸುವ ಗುಟ್ಟಿನ ಪೈಪು) ಇಳಿದು ನಾಲ್ಕನೇ ವರ್ಲ್ಡಿಗೆ ಹೋಗು, 4-2ರಲ್ಲಿ ಕಾಣದ ಬ್ಲಾಕ್‌ಗಳನ್ನು ಹೊಡೆದು, ಬಳ್ಳಿ ಹತ್ತಿ, ಅಲ್ಲಿಂದ ನೇರ ಎಂಟಕ್ಕೆ. ಲೆಕ್ಕ ಹಾಕಿ ನೋಡಿ. 32 ಲೆವೆಲ್‌ಗಳಲ್ಲಿ ನಾವು ಆಡಿದ್ದು 8. ಉಳಿದ 24 ಲೆವೆಲ್‌ಗಳನ್ನು ಎಷ್ಟೋ ಜನ ಸರಿಯಾಗಿ ನೋಡಿಯೇ ಇಲ್ಲ. ಆದರೂ ಆ ಆಟದ ಬಗ್ಗೆ ನಮಗೆಲ್ಲ ಗಟ್ಟಿ ಅಭಿಪ್ರಾಯ ಇದೆ!

ಹೋದ ವರ್ಷ ನಾನು ಎಂಟು ಹಳೆಯ ಮಾರಿಯೋ ಆಟಗಳನ್ನು ಮೊದಲಿಂದ ಕೊನೆಯವರೆಗೆ, ಯಾವ ವಾರ್ಪನ್ನೂ ಬಳಸದೆ ಆಡಿದೆ. ಆಡಿ ಮುಗಿಸುವ ಹೊತ್ತಿಗೆ ನನ್ನ ಪಟ್ಟಿ ತಲೆಕೆಳಗಾಗಿತ್ತು. ಯಾಕೆ ಅಂದರೆ ಇಂಥ ಆಟದ ಗುಣ ಗೊತ್ತಾಗುವುದು ನಡುವಿನ ಭಾಗದಲ್ಲಿ. ಮೊದಲ ವರ್ಲ್ಡನ್ನು ಎಲ್ಲರೂ ಚೆನ್ನಾಗಿ ಮಾಡುತ್ತಾರೆ. ಕೊನೆಯದನ್ನೂ ಕಷ್ಟಪಟ್ಟು ಮಾಡುತ್ತಾರೆ. ಸಿನಿಮಾದಲ್ಲಿ ಇಂಟರ್‌ವಲ್ ಮುಗಿದ ಮೇಲಿನ ಅರ್ಧ ಗಂಟೆ ಇರುತ್ತದಲ್ಲ, ಕಥೆ ಸೊರಗುವುದು ಅಲ್ಲೇ. ಆಟದಲ್ಲೂ ಹಾಗೆಯೇ. ನಾಲ್ಕು, ಐದು, ಆರನೇ ವರ್ಲ್ಡ್‌ಗಳಲ್ಲಿ ಆಟ ತಯಾರಿಸಿದವರ ಕೈಯಲ್ಲಿ ಇನ್ನೂ ಹೊಸದೇನಾದರೂ ಇದೆಯಾ ಅನ್ನುವುದನ್ನು ನೋಡಬೇಕು. ಈ ಮಾರ್ಗದರ್ಶಿ ಪೂರ್ತಿ ಆ ಒಂದು ವಿಷಯದ ಮೇಲೆ ನಿಂತಿದೆ.

ಮೊದಲು ಪಟ್ಟಿಗೆ ಬೇಲಿ ಹಾಕಿ

ಮಾರಿಯೋ ಹೆಸರಿನ ಆಟಗಳು ಬೇಕಾದಷ್ಟಿವೆ. ಎಲ್ಲವನ್ನೂ ಆಡುತ್ತೇನೆ ಅಂತ ಹೊರಟರೆ ಎರಡು ತಿಂಗಳಲ್ಲಿ ಸುಸ್ತಾಗಿ ಬಿಟ್ಟುಬಿಡುತ್ತೀರಿ. ನಾನು ಹಾಕಿಕೊಂಡ ಬೇಲಿ ಇದು: ಪಕ್ಕದಿಂದ ಕಾಣುವ 2ಡಿ ಆಟಗಳು ಮಾತ್ರ, 1985ರಿಂದ 1995ರವರೆಗೆ ಬಂದವು ಮಾತ್ರ. ಅಂದರೆ ಸೂಪರ್ ಮಾರಿಯೋ ಬ್ರದರ್ಸ್ (1985), ಜಪಾನಿನಲ್ಲಿ ಎರಡನೇ ಭಾಗವಾಗಿ ಬಂದು ಆಮೇಲೆ ಲಾಸ್ಟ್ ಲೆವೆಲ್ಸ್ ಅನ್ನಿಸಿಕೊಂಡ ಆಟ (1986), ಅಮೆರಿಕದಲ್ಲಿ ಎರಡನೇ ಭಾಗ ಅಂತ ಬಂದದ್ದು (1988), ಮೂರನೇ ಭಾಗ (ಜಪಾನಿನಲ್ಲಿ 1988, ಅಮೆರಿಕದಲ್ಲಿ 1990), ಗೇಮ್ ಬಾಯ್‌ನ ಸೂಪರ್ ಮಾರಿಯೋ ಲ್ಯಾಂಡ್ (1989), ಸೂಪರ್ ಮಾರಿಯೋ ವರ್ಲ್ಡ್ (1990), ಲ್ಯಾಂಡ್ 2 (1992), ಯೋಶೀಸ್ ಐಲ್ಯಾಂಡ್ (1995). ಒಟ್ಟು ಎಂಟು.

3ಡಿ ಆಟಗಳನ್ನು ಇದರ ಜೊತೆ ಸೇರಿಸಬೇಡಿ. ಅಲ್ಲಿ ಕ್ಯಾಮೆರಾ ತಿರುಗಿಸುವುದೇ ಬೇರೆ ವಿದ್ಯೆ, ಜಿಗಿತದ ಲೆಕ್ಕವೂ ಬೇರೆ. 2006ರ ನ್ಯೂ ಸೂಪರ್ ಮಾರಿಯೋ ಬ್ರದರ್ಸ್ ಆಗಲಿ 2023ರ ವಂಡರ್ ಆಗಲಿ ಒಳ್ಳೆಯ ಆಟಗಳೇ, ಆದರೆ ಅವು ಈ ಎಂಟನ್ನು ನೋಡಿ ಕಲಿತು ಬಂದವು. ಅವುಗಳಿಗೆ ಇನ್ನೊಂದು ಪಟ್ಟಿ ಮಾಡಿ.

ಇನ್ನೊಂದು ಎಚ್ಚರಿಕೆ. ನಮ್ಮ ಕಾಲದ ಆ 9999 ಆಟಗಳ ಕ್ಯಾಸೆಟ್‌ಗಳಲ್ಲಿ ಮಾರಿಯೋ ಅಂತ ಹತ್ತಾರು ಸಲ ಬರೆದಿರುತ್ತಿತ್ತು. ಅದರಲ್ಲಿ ಎಷ್ಟೋ ಒಂದೇ ಆಟ, ಬೇರೆ ಬೇರೆ ವರ್ಲ್ಡಿನಿಂದ ಶುರುವಾಗುವಂತೆ ಮಾಡಿದ್ದು ಅಷ್ಟೇ. ಇನ್ನು ಕೆಲವು ಬೇರೆ ಯಾವುದೋ ಆಟಕ್ಕೆ ಮಾರಿಯೋ ಮುಖ ಅಂಟಿಸಿದ್ದು. ನಿಮ್ಮ ನೆನಪಿನ ಮಾರಿಯೋ ಇವುಗಳಲ್ಲಿ ಒಂದಾಗಿರಬಹುದು. ಪಟ್ಟಿಗೆ ಸೇರಿಸುವ ಮೊದಲು ಅಸಲಿ ಆಟ ಯಾವುದು ಅಂತ ನೋಡಿಕೊಳ್ಳಿ.

ಆಡುವ ಮೊದಲೇ ನೆನಪಿನ ಪಟ್ಟಿ ಬರೆದಿಡಿ

ಇದನ್ನು ಬಿಡಲೇಬೇಡಿ. ಒಂದು ಹಾಳೆ ತೆಗೆದುಕೊಂಡು, ಈಗ ನಿಮ್ಮ ತಲೆಯಲ್ಲಿ ಇರುವ ಕ್ರಮವನ್ನು ಬರೆಯಿರಿ. ಪ್ರತಿ ಆಟದ ಮುಂದೆ ಆ ಆಟದಲ್ಲಿ ನಿಮಗೆ ಚೆನ್ನಾಗಿ ನೆನಪಿರುವ ಒಂದು ಜಾಗವನ್ನೂ ಬರೆಯಿರಿ. ತಾರೀಕು ಹಾಕಿ ಮಡಚಿಡಿ. ನನ್ನ ಹಾಳೆಯಲ್ಲಿ ಸೂಪರ್ ಮಾರಿಯೋ ವರ್ಲ್ಡ್ ಮೊದಲು ಇತ್ತು, ಮೊದಲ ಮಾರಿಯೋ ಎರಡನೆಯದು, ಯೋಶೀಸ್ ಐಲ್ಯಾಂಡ್ ಆರನೆಯದು. ನೆನಪಿನ ಜಾಗಗಳು ಅಂತ ಬರೆದದ್ದರಲ್ಲಿ ಹೆಚ್ಚಿನವು ಮೊದಲ ಎರಡು ವರ್ಲ್ಡಿನವು. ಅದನ್ನು ನೋಡಿದಾಗಲೇ ನನಗೆ ಅನ್ನಿಸಿತು, ನಾನು ಆಟಗಳಿಗೆ ಅಂಕ ಕೊಡುತ್ತಿರಲಿಲ್ಲ, ಬೇಸಿಗೆ ರಜೆಗಳಿಗೆ ಕೊಡುತ್ತಿದ್ದೆ.

ಯಾವುದರಲ್ಲಿ ಆಡಬೇಕು

ಸುಲಭದ ದಾರಿ ಮಾರಿಯೋ ಆಟಗಳನ್ನು ಮಾಡುವ ನಿಂಟೆಂಡೊ ಕಂಪನಿಯ ಸ್ವಿಚ್ ಮಷಿನ್. ಅದರ ಆನ್‌ಲೈನ್ ಸದಸ್ಯತ್ವ ತೆಗೆದುಕೊಂಡರೆ ಹಳೆಯ ಎನ್‌ಇಎಸ್, ಸೂಪರ್ ಎನ್‌ಇಎಸ್, ಗೇಮ್ ಬಾಯ್ ಆಟಗಳ ಸಂಗ್ರಹ ಸಿಗುತ್ತದೆ (ಈ ಮೂರೂ ನಿಂಟೆಂಡೊದ ಹಳೆಯ ಮಷಿನ್‌ಗಳು, ಗೇಮ್ ಬಾಯ್ ಕೈಯಲ್ಲಿ ಹಿಡಿದು ಆಡುವಂಥದ್ದು), ಈ ಪಟ್ಟಿಯ ಹೆಚ್ಚಿನ ಆಟಗಳು ಅದರಲ್ಲಿವೆ. 2016ರಲ್ಲಿ ಬಂದ ಪುಟ್ಟ ಎನ್‌ಇಎಸ್ ಕ್ಲಾಸಿಕ್ ಯಾರ ಹತ್ತಿರವಾದರೂ ಇದ್ದರೆ ಅದರಲ್ಲಿ 1, ಅಮೆರಿಕದ 2, 3 ಮೂರೂ ಇವೆ. ಮರುವರ್ಷ ಬಂದ ಸೂಪರ್ ಎನ್‌ಇಎಸ್ ಕ್ಲಾಸಿಕ್‌ನಲ್ಲಿ ವರ್ಲ್ಡ್ ಮತ್ತು ಯೋಶೀಸ್ ಐಲ್ಯಾಂಡ್ ಇವೆ. ವಿದೇಶದಲ್ಲಿ ಇರುವ ತಮ್ಮನೋ ಭಾವನೋ ಇದ್ದರೆ ಕೇಳಿ ನೋಡಿ, ಅವರ ಅಟ್ಟದ ಮೇಲೆ ಇದ್ದರೂ ಇರಬಹುದು.

ಟಿವಿಯಲ್ಲಿ ಗೇಮ್ ಮೋಡ್ ಅನ್ನುವ ಸೆಟ್ಟಿಂಗ್ ಇರುತ್ತದೆ. ಅದನ್ನು ಆನ್ ಮಾಡಿ. ಹಳೆಯ ಡಬ್ಬಾ ಟಿವಿಗಳಲ್ಲಿ ಬಟನ್ ಒತ್ತಿದ ಕೂಡಲೇ ಮಾರಿಯೋ ಜಿಗಿಯುತ್ತಿದ್ದ. ಈಗಿನ ಟಿವಿಗಳು ಚಿತ್ರವನ್ನು ಚಂದ ಮಾಡಲು ಒಂಚೂರು ಹೊತ್ತು ತೆಗೆದುಕೊಳ್ಳುತ್ತವೆ, ಆ ಒಂಚೂರೇ ನಿಮ್ಮನ್ನು ಹಳ್ಳಕ್ಕೆ ಬೀಳಿಸುತ್ತದೆ. ನಾನು ಮೊದಲ ಮೂರು ದಿನ ಇದು ಗೊತ್ತಿಲ್ಲದೆ ಆಡಿ, ವಯಸ್ಸಾಯಿತು, ಕೈ ಓಡುತ್ತಿಲ್ಲ ಅಂದುಕೊಂಡಿದ್ದೆ. ಸೆಟ್ಟಿಂಗ್ ಬದಲಿಸಿದ ಮೇಲೆ ಅದೇ ಕೈ ಚೆನ್ನಾಗಿಯೇ ಓಡಿತು. ಎಂಟೂ ಆಟಗಳನ್ನು ಒಂದೇ ಟಿವಿ, ಒಂದೇ ರಿಮೋಟಿನಲ್ಲಿ ಆಡಿ. ಇಲ್ಲದಿದ್ದರೆ ಹೋಲಿಕೆ ಸರಿಯಾಗುವುದಿಲ್ಲ.

ನಿಯಮಗಳನ್ನು ಮೊದಲೇ ಮಾಡಿಕೊಳ್ಳಿ

ವಾರ್ಪ್ ಬೇಡ. ಮೂರನೇ ಭಾಗದ ಕೊಳಲೂ ಬೇಡ. ಅದರ ಮೊದಲ ವರ್ಲ್ಡಿನಲ್ಲೇ ಎರಡು ಕೊಳಲು ಸಿಗುತ್ತವೆ, ಒಂದನ್ನು ಊದಿ, ಹೋದ ಜಾಗದಲ್ಲೇ ಇನ್ನೊಂದನ್ನು ಊದಿದರೆ ಎಂಟನೇ ವರ್ಲ್ಡಿಗೇ ಹೋಗಿ ನಿಲ್ಲಬಹುದು. ಹಾಗೆ ಮಾಡಿದರೆ ಆಟದ ಅತ್ಯುತ್ತಮ ಭಾಗವನ್ನೇ ಬಿಟ್ಟು ಹಾರಿದಂತೆ.

ಈಗಿನ ಮಷಿನ್‌ಗಳಲ್ಲಿ ಆಟವನ್ನು ಹಿಂದಕ್ಕೆ ಓಡಿಸುವ ರಿವೈಂಡ್ ಇದೆ. ಅದನ್ನು ಪೂರ್ತಿ ಬಿಡಿ ಅಂತ ನಾನು ಹೇಳುವುದಿಲ್ಲ, ನಮಗೆಲ್ಲ ಮನೆ ಇದೆ, ಕೆಲಸ ಇದೆ. ಆದರೆ ಲೆವೆಲ್ ನಡುವೆ ಬಳಸಬೇಡಿ. ಯಾಕೆ ಅಂದರೆ ಒಂದು ಜಿಗಿತ ತಪ್ಪಿದಾಗ ಲೆವೆಲ್ ಮೊದಲಿಂದ ಆಡಬೇಕು ಅನ್ನುವ ಭಯ ಇದ್ದಾಗಲೇ ಆ ಜಿಗಿತಕ್ಕೆ ಬೆಲೆ. ರಿವೈಂಡ್ ಇದ್ದರೆ ಎಲ್ಲ ಹಳ್ಳಗಳೂ ಒಂದೇ ಥರ ಕಾಣುತ್ತವೆ, ಯಾವ ಆಟ ನ್ಯಾಯವಾಗಿ ಕಷ್ಟ ಕೊಟ್ಟಿದೆ, ಯಾವುದು ಸುಮ್ನೆ ಮೋಸ ಮಾಡಿದೆ ಅಂತ ಗೊತ್ತೇ ಆಗುವುದಿಲ್ಲ. ಲೈಫ್ ಎಲ್ಲ ಮುಗಿದು ಗೇಮ್ ಓವರ್ ಆದರೆ ಆ ವರ್ಲ್ಡಿನ ಆರಂಭದಿಂದ ಮತ್ತೆ ಶುರು ಮಾಡಿ, ಅಷ್ಟು ಸಾಕು. ಮೊದಲ ಮಾರಿಯೋದಲ್ಲಿ ಇದಕ್ಕೆ ಆಟದೊಳಗೇ ದಾರಿ ಇದೆ: ಗೇಮ್ ಓವರ್ ಆಗಿ ಟೈಟಲ್ ಬಂದಾಗ ಎ ಬಟನ್ ಒತ್ತಿ ಹಿಡಿದು ಸ್ಟಾರ್ಟ್ ಒತ್ತಿ, ನೀವು ಔಟ್ ಆದ ವರ್ಲ್ಡಿನ ಮೊದಲ ಲೆವೆಲ್‌ನಿಂದ ಶುರುವಾಗುತ್ತದೆ. ಚಿಕ್ಕಂದಿನಲ್ಲಿ ನನಗೆ ಯಾರೂ ಇದನ್ನು ಹೇಳಿರಲಿಲ್ಲ.

ದಿನಕ್ಕೆ ಒಂದು ವರ್ಲ್ಡ್, ಹೆಚ್ಚೆಂದರೆ ಎರಡು. ಒಂದೇ ರಾತ್ರಿ ಇಡೀ ಆಟ ಮುಗಿಸಿದರೆ ನಡುವಿನದೆಲ್ಲ ಕಲಸಿಹೋಗುತ್ತದೆ.

ಪ್ರತಿ ವರ್ಲ್ಡ್ ಆದಮೇಲೆ ಮೂರು ಸಾಲು

ಒಂದು ನೋಟ್‌ಬುಕ್ ಪಕ್ಕದಲ್ಲಿ ಇಟ್ಟುಕೊಳ್ಳಿ. ಆಡಿದ ಕೂಡಲೇ ಬರೆಯಿರಿ, ಮರುದಿನಕ್ಕೆ ಬಿಡಬೇಡಿ. ಈ ವರ್ಲ್ಡಿನಲ್ಲಿ ನನ್ನ ಕೈ ಹೊಸದೇನು ಕಲಿಯಿತು? ಲೈಫ್ ಹೋದಾಗ ತಪ್ಪು ನನ್ನದಾಗಿತ್ತಾ, ಆಟದ್ದಾಗಿತ್ತಾ? ನಾಳೆ ಇದನ್ನು ಮತ್ತೆ ಆಡು ಅಂದರೆ ಖುಷಿಯಾಗಿ ಆಡುತ್ತೇನಾ? ಇಷ್ಟು ಸಾಕು. ಹತ್ತಕ್ಕೆ ಏಳೂವರೆ, ಎಂಟೂಕಾಲು ಅಂತ ಅಂಕ ಹಾಕುತ್ತಾ ಕೂತರೆ ಕೊನೆಗೆ ಎಲ್ಲ ಆಟಕ್ಕೂ ಎಂಟರ ಹತ್ತಿರ ಬಂದು ನಿಲ್ಲುತ್ತದೆ, ಅದರಿಂದ ಏನೂ ತಿಳಿಯುವುದಿಲ್ಲ.

ಸಾಧ್ಯವಾದರೆ ಈ ಆಟಗಳನ್ನು ಎಂದೂ ಆಡದ ಒಬ್ಬರನ್ನು ಪಕ್ಕದಲ್ಲಿ ಕೂರಿಸಿಕೊಳ್ಳಿ. ನನ್ನ ಜೊತೆ ಅಕ್ಕನ ಮಗಳು ಕೂತಿದ್ದಳು, ಒಂಬತ್ತು ವರ್ಷ. ಅವಳಿಗೆ ನೆನಪಿನ ಹಂಗಿಲ್ಲ. ಮೊದಲ ಮಾರಿಯೋದ 5-3 ಆಡುವಾಗ ಅವಳು, "ಮಾಮ, ಇದು ಆಗ್ಲೇ ಆಡಿದ್ವಲ್ಲ?" ಅಂದಳು. ನಾನು ಇಲ್ಲ ಪುಟ್ಟಿ, ಇದು ಐದನೇ ವರ್ಲ್ಡ್ ಅಂದೆ. "ಇಲ್ಲ ಮಾಮ, ಆಡಿದೀವಿ" ಅಂತ ಪಟ್ಟು ಹಿಡಿದಳು. ವಾಪಸ್ ಹೋಗಿ 1-3 ನೋಡಿದರೆ ಅವಳೇ ಸರಿ. ಅದೇ ನಕ್ಷೆ, ಸ್ವಲ್ಪ ಕಷ್ಟ ಮಾಡಿ ಇಟ್ಟಿದ್ದಾರೆ.

ಈಗ ಒಂದೊಂದೇ ಆಟ: ಎಲ್ಲಿ ಏನು ಗಮನಿಸಬೇಕು

ಮೊದಲ ಮಾರಿಯೋದಿಂದಲೇ ಶುರು ಮಾಡಿ. ಬಂದ ವರ್ಷದ ಕ್ರಮದಲ್ಲೇ ಆಡುವುದು ಒಳ್ಳೆಯದು, ಯಾಕೆಂದರೆ ಸೂಪರ್ ಮಾರಿಯೋ ವರ್ಲ್ಡ್ ಆಡಿದ ಕೈಗೆ 1985ರ ಆಟ ಬಿಗಿಯಾಗಿ, ಮೊಂಡಾಗಿ ಕಾಣುತ್ತದೆ. ಶಿಗೆರು ಮಿಯಾಮೊಟೊ ಮತ್ತು ತಕಾಶಿ ತೆಜುಕಾ ಕ್ಯೋಟೋದಲ್ಲಿ ಕೂತು ಇದನ್ನು ಮಾಡಿದಾಗ ಕ್ಯಾಸೆಟ್ಟಿನಲ್ಲಿ ಇದ್ದ ಜಾಗ ಒಟ್ಟು 40 ಕಿಲೋಬೈಟ್. ಈಗ ಫೋನಿನಲ್ಲಿ ಬರುವ ಒಂದು ಸಣ್ಣ ಫೋಟೋ ಇದಕ್ಕಿಂತ ದೊಡ್ಡದು. ಜಾಗ ಉಳಿಸಲು ಮೋಡಕ್ಕೂ ಪೊದೆಗೂ ಒಂದೇ ಚಿತ್ರ ಬಳಸಿದ್ದಾರೆ, ಬಣ್ಣ ಮಾತ್ರ ಬೇರೆ. ಒಮ್ಮೆ ಗೊತ್ತಾದ ಮೇಲೆ ಕಣ್ಣಿಗೆ ಅದೇ ಕಾಣುತ್ತದೆ.

1-1ರ ಬಗ್ಗೆ ಎಷ್ಟು ಹೇಳಿದರೂ ಸಾಲದು. ಯಾವ ಸೂಚನೆಯೂ ಇಲ್ಲ. ಎದುರಿಂದ ಗೂಂಬಾ ಅನ್ನುವ ಪುಟ್ಟ ವೈರಿ ಬರುತ್ತದೆ, ಜಿಗಿಯಬೇಕು. ಜಿಗಿದರೆ ತಲೆ ಬ್ಲಾಕಿಗೆ ಬಡಿಯುತ್ತದೆ, ಅಣಬೆ ಬರುತ್ತದೆ, ಅದು ಮುಂದೆ ಹೋಗಿ ಪೈಪಿಗೆ ಬಡಿದು ನಮ್ಮ ಕಡೆಗೇ ತಿರುಗುತ್ತದೆ. ಹೊಸಬರು ತಪ್ಪಿಸಿಕೊಳ್ಳಲು ನೋಡಿದರೂ ಅಣಬೆ ತಾಗಿ ದೊಡ್ಡವರಾಗಿಬಿಡುತ್ತಾರೆ. ಆಟದ ಅರ್ಧ ಪಾಠ ಅಲ್ಲೇ ಮುಗಿಯುತ್ತದೆ. ಆದರೆ ನಾನು ಹೇಳಿದ ನಡುವಿನ ಪರೀಕ್ಷೆಯಲ್ಲಿ ಈ ಆಟ ಸ್ವಲ್ಪ ಸೋಲುತ್ತದೆ. 1-3 ಮತ್ತೆ 5-3 ಆಗಿ ಬರುತ್ತದೆ, 1-4 ಬಂದು 6-4, 2-4 ಬಂದು 5-4, 2-2 ಮತ್ತು 2-3 ಬಂದು 7-2 ಮತ್ತು 7-3. ಐದು ಲೆವೆಲ್‌ಗಳು ಹಳೆಯವೇ. ಜಾಗದ ಕೊರತೆ, ಅದು ಅವರ ತಪ್ಪಲ್ಲ, ನಿಜ. ಆದರೂ ಆಡುವವನಿಗೆ ಐದು ಮತ್ತು ಏಳನೇ ವರ್ಲ್ಡ್ ಖಾಲಿ ಅನ್ನಿಸುತ್ತವೆ. ಇನ್ನೊಂದು ಕಡೆ, 8-1ರ ಉದ್ದ ಓಟ, 8-3ರ ಸುತ್ತಿಗೆ ಎಸೆಯುವ ಅಣ್ಣತಮ್ಮಂದಿರು, ಸರಿಯಾದ ಪೈಪ್ ಹುಡುಕಬೇಕಾದ 8-4, ಇವೆಲ್ಲ ಇವತ್ತಿಗೂ ಬೆವರಿಳಿಸುತ್ತವೆ.

ಲಾಸ್ಟ್ ಲೆವೆಲ್ಸ್‌ಗೆ ತಾಳ್ಮೆ ಇಟ್ಟುಕೊಂಡು ಹೋಗಿ. ಮೊದಲ ಆಟವನ್ನು ಅರೆದು ಕುಡಿದವರಿಗೆ ಅಂತಲೇ ಮಾಡಿದ್ದು ಇದು. ಮೊದಲ ಲೆವೆಲ್‌ನಲ್ಲೇ ವಿಷದ ಅಣಬೆ. ಮೂರನೇ ವರ್ಲ್ಡ್ ತಲುಪಿದ ಮೇಲೆ ಒಂದು ವಾರ್ಪ್ ಪೈಪ್ ಸಿಕ್ಕಿತು ಅಂತ ಖುಷಿಯಾಗಿ ಇಳಿದರೆ ಒಂದನೇ ವರ್ಲ್ಡಿಗೆ ವಾಪಸ್ ಕಳಿಸುತ್ತದೆ. ಗಾಳಿ ಬೀಸಿ ಜಿಗಿತವನ್ನು ಎಳೆದುಕೊಂಡು ಹೋಗುತ್ತದೆ. ನನ್ನ ನೋಟ್‌ಬುಕ್ಕಿನಲ್ಲಿ ಎರಡನೇ ಪ್ರಶ್ನೆಯ ಮುಂದೆ "ಆಟದ ತಪ್ಪು" ಅಂತ ಅತಿ ಹೆಚ್ಚು ಸಲ ಬರೆದದ್ದು ಇಲ್ಲೇ. ಕಾಣದ ಬ್ಲಾಕಿಗೆ ತಲೆ ಬಡಿದು ಹಳ್ಳಕ್ಕೆ ಬೀಳುವುದನ್ನು ಕಷ್ಟ ಅಂತ ಕರೆಯಲು ನನಗೆ ಮನಸ್ಸಿಲ್ಲ. ಮಾರಿಯೋನ ತಮ್ಮ ಲೂಯಿಜಿ ಮೊದಲ ಸಲ ಮಾರಿಯೋಗಿಂತ ಎತ್ತರ ಜಿಗಿದು, ನಿಲ್ಲುವಾಗ ಜಾರುವುದು ಇಲ್ಲೇ, ಅದೊಂದು ಒಳ್ಳೆಯ ಕೊಡುಗೆ.

ಅಮೆರಿಕದ ಎರಡನೇ ಭಾಗವನ್ನು ಜನ ಬೇರೆ ಆಟ ಅಂತ ತಳ್ಳಿಹಾಕುತ್ತಾರೆ. ಅದು ನಿಜವೂ ಹೌದು: 1987ರಲ್ಲಿ ಜಪಾನಿನ ಫುಜಿ ಟಿವಿಯ ಒಂದು ಉತ್ಸವಕ್ಕೆ ಅಂತ ಮಾಡಿದ ಡೋಕಿ ಡೋಕಿ ಪ್ಯಾನಿಕ್ ಆಟದ ಪಾತ್ರಗಳನ್ನು ಬದಲಿಸಿ ಮಾರಿಯೋ ಮಾಡಿದ್ದು. ಅದಕ್ಕೇ ಇಲ್ಲಿ ವೈರಿಯ ತಲೆ ತುಳಿದರೆ ಸಾಯುವುದಿಲ್ಲ, ನೆಲದಿಂದ ತರಕಾರಿ ಕಿತ್ತು ಎಸೆಯಬೇಕು. ಆದರೆ ದಯವಿಟ್ಟು ನಾಲ್ಕನೇ ವರ್ಲ್ಡ್ ತನಕ ಆಡಿ. 4-3ರಲ್ಲಿ ಮುಂದೆ ನೆಲವೇ ಇಲ್ಲ. ಬರ್ಡೋ ಅನ್ನುವ ವೈರಿ ಉಗುಳುವ ಮೊಟ್ಟೆಯ ಮೇಲೆ ಹತ್ತಿ ನಿಂತು ಆಚೆ ದಡಕ್ಕೆ ತೇಲಬೇಕು. ನಮ್ಮನ್ನು ಸಾಯಿಸಲು ಎಸೆದದ್ದೇ ದೋಣಿ ಆಗುತ್ತದೆ. ಅಕ್ಕನ ಮಗಳು ಚಪ್ಪಾಳೆ ಹೊಡೆದದ್ದು ಇಲ್ಲಿ. ಕೀ ಎತ್ತಿಕೊಂಡ ಕೂಡಲೇ ಬೆನ್ನು ಹತ್ತುವ ಫ್ಯಾಂಟೋ ಮುಖವಾಡ ಮಾತ್ರ ಅವಳನ್ನು ಸೋಫಾ ಹಿಂದೆ ಓಡಿಸಿತು. ಒಂದೇ ಪಾತ್ರ ಹಿಡಿದು ಆಡಬೇಡಿ. ಮರಳಿನ ಲೆವೆಲ್‌ಗೆ ಬೇಗ ಅಗೆಯುವ ಟೋಡ್, ಉದ್ದ ಹಳ್ಳಗಳಿಗೆ ಗಾಳಿಯಲ್ಲಿ ತೇಲುವ ರಾಜಕುಮಾರಿ, ಹೀಗೆ ಬದಲಿಸಿ ನೋಡಿ. ಅದೇ ಲೆವೆಲ್ ಬೇರೆಯಾಗಿ ಕಾಣುತ್ತದೆ.

ಮೂರನೇ ಭಾಗ. ಇಲ್ಲಿ ನಾನು ನಿಧಾನ ಮಾಡುತ್ತೇನೆ, ಕ್ಷಮಿಸಿ, ಇದಕ್ಕೆ ಹೇಳುವುದು ಜಾಸ್ತಿ ಇದೆ. ಪರದೆ ಮೇಲೇಳುವುದರಿಂದ ಆಟ ಶುರು. ಬ್ಲಾಕ್‌ಗಳಿಗೆ ಮೊಳೆ ಬಡಿದಿದೆ, ಹಿಂದಿನ ಗೋಡೆಯ ಮೇಲೆ ಅವುಗಳ ನೆರಳು ಬೀಳುತ್ತದೆ, ಲೆವೆಲ್ ಮುಗಿದಾಗ ಮಾರಿಯೋ ವೇದಿಕೆಯ ಪಕ್ಕಕ್ಕೆ ಸರಿದು ಹೋಗುತ್ತಾನೆ. ಇಡೀ ಆಟ ಒಂದು ನಾಟಕ. ಮಿಯಾಮೊಟೊ ಅವರೇ 2015ರಲ್ಲಿ ಹೌದು ಅಂದರು. ನಾಟಕ ಅಂದಮೇಲೆ ಪ್ರತಿ ಅಂಕಕ್ಕೂ ಹೊಸ ಸೀನು ಬೇಕಲ್ಲ, ಅದನ್ನು ಇವರು ಕೊನೆಯವರೆಗೂ ಉಳಿಸಿಕೊಂಡಿದ್ದಾರೆ. ನಾಲ್ಕನೇ ವರ್ಲ್ಡಿನಲ್ಲಿ ಎಲ್ಲವೂ ದೈತ್ಯ ಗಾತ್ರ, ಆಮೆ ಮಾರಿಯೋಗಿಂತ ದೊಡ್ಡದು. ಐದನೆಯದರಲ್ಲಿ ಅರ್ಧ ಲೋಕ ನೆಲದ ಮೇಲೆ, ಗೋಪುರ ಹತ್ತಿದರೆ ಉಳಿದರ್ಧ ಮೋಡದ ಮೇಲೆ. 5-3ರಲ್ಲಿ ಗೂಂಬಾ ಒಂದು ದೊಡ್ಡ ಹಸಿರು ಬೂಟಿನೊಳಗೆ ಕೂತು ಕುಪ್ಪಳಿಸುತ್ತಿರುತ್ತದೆ, ಅದನ್ನು ಓಡಿಸಿ ಬೂಟಿನೊಳಗೆ ನೀವು ಕೂರಬಹುದು, ಮುಳ್ಳಿನ ಮೇಲೂ ಜಿಗಿಯಬಹುದು. ಇಷ್ಟು ಒಳ್ಳೆಯ ವಸ್ತುವನ್ನು ಇಡೀ ಆಟದಲ್ಲಿ ಆ ಒಂದೇ ಲೆವೆಲ್‌ನಲ್ಲಿ ಕೊಟ್ಟು ಮುಗಿಸಿದ್ದಾರೆ. ಬೇರೆಯವರಾಗಿದ್ದರೆ ಆ ಬೂಟಿನಿಂದ ಒಂದು ವರ್ಲ್ಡೇ ಮಾಡುತ್ತಿದ್ದರು. ಆರನೆಯದು ಮಂಜು, ಅಲ್ಲಿ ಮಂಜುಗಡ್ಡೆಯೊಳಗೆ ಸಿಕ್ಕಿಕೊಂಡ ನಾಣ್ಯಗಳನ್ನು ಬೆಂಕಿ ಉಂಡೆಯಿಂದ ಕರಗಿಸಿ ತೆಗೆಯಬೇಕು. ಏಳನೆಯದು ಪೈಪುಗಳ ಜಾಲ, ದಾರಿ ಹುಡುಕುವುದೇ ಅರ್ಧ ಆಟ. ನಾನು ಚಿಕ್ಕಂದಿನಲ್ಲಿ ಇವು ಯಾವುದನ್ನೂ ನೋಡಿರಲಿಲ್ಲ, ಬಾಲ ಕೊಡುವ ಎಲೆ ಸಿಕ್ಕಿ ಹಾರುವುದೇ ಆಟ ಅಂದುಕೊಂಡಿದ್ದೆ.

ಲೆವೆಲ್‌ಗಳು ಚಿಕ್ಕವು ಅನ್ನುವುದನ್ನೂ ಗಮನಿಸಿ. ಒಂದು ಐಡಿಯಾ, ಒಂದೂವರೆ ನಿಮಿಷ, ಮುಗಿಯಿತು. ಎಲ್ಲೂ ಎಳೆದಾಡುವುದಿಲ್ಲ.

ಗೇಮ್ ಬಾಯ್‌ನ ಲ್ಯಾಂಡ್ ಬೇಗ ಮುಗಿಯುತ್ತದೆ. ನಾಲ್ಕು ವರ್ಲ್ಡ್, 12 ಲೆವೆಲ್. ಒಂದು ಮಧ್ಯಾಹ್ನ ಸಾಕು. ಇದನ್ನು ಮಾಡಿದ್ದು ಗುನ್‌ಪೇ ಯೊಕೊಯಿ ಅವರ ತಂಡ, ಮಿಯಾಮೊಟೊ ಅವರದಲ್ಲ, ಹಾಗಾಗಿ ಎಲ್ಲವೂ ಸ್ವಲ್ಪ ಬೇರೆ: ಆಮೆಯನ್ನು ತುಳಿದರೆ ಚಿಪ್ಪು ಸಿಡಿಯುತ್ತದೆ, ಎರಡು ಕಡೆ ಮಾರಿಯೋ ಸಬ್‌ಮರೀನ್ ಮತ್ತು ವಿಮಾನ ಓಡಿಸಿ ಗುಂಡು ಹೊಡೆಯುತ್ತಾನೆ. ಸಂಗೀತ ಬಹಳ ಚೆನ್ನಾಗಿದೆ. ನಡುವೆ ಅನ್ನುವುದೇ ಇಲ್ಲದಷ್ಟು ಪುಟ್ಟ ಆಟ. ಲ್ಯಾಂಡ್ 2 ಅದಕ್ಕಿಂತ ಎಷ್ಟೋ ಮೇಲು. ಆರು ವಲಯಗಳನ್ನು ಬೇಕಾದ ಕ್ರಮದಲ್ಲಿ ಆಡಬಹುದು, ಮಾರಿಯೋನ ಎದುರಾಳಿ ವಾರಿಯೋ ಮೊದಲು ಕಾಣಿಸುವುದು ಇಲ್ಲೇ, ದೊಡ್ಡ ಮನೆಯೊಳಗೆ ಇರುವೆಯಷ್ಟಾಗಿ ಓಡಾಡುವ ಮ್ಯಾಕ್ರೋ ವಲಯ ನನಗೆ ತುಂಬ ಹಿಡಿಸಿತು. ಆದರೆ ವಲಯಗಳೆಲ್ಲ ಸಲೀಸು, ಕೊನೆಯ ಕೋಟೆ ಮಾತ್ರ ಒಮ್ಮೆಲೇ ಬೆಟ್ಟದಷ್ಟು ಕಷ್ಟ. ಯಾವ ವಲಯದಿಂದಾದರೂ ಶುರು ಮಾಡಬಹುದು ಅಂದಾಗ ಮೆಟ್ಟಿಲು ಮೆಟ್ಟಿಲಾಗಿ ಕಲಿಸಲು ಆಗುವುದಿಲ್ಲ, ಅದರ ಬೆಲೆ ಅಲ್ಲಿ ತೆರಬೇಕಾಗುತ್ತದೆ.

ಸೂಪರ್ ಮಾರಿಯೋ ವರ್ಲ್ಡ್ ಆಡುವಾಗ ಒಂದು ವಿಶೇಷ ನಿಯಮ ಹಾಕಿಕೊಳ್ಳಿ: ಕೇಪ್ ಇಲ್ಲದೆ ಒಂದು ಸಲ, ಕೇಪ್ ಜೊತೆ ಒಂದು ಸಲ. ಡೋನಟ್ ಪ್ಲೇನ್ಸ್‌ನಲ್ಲಿ ಸಿಗುವ ಆ ಹಳದಿ ಕೇಪ್ ಹಾಕಿಕೊಂಡು ಹಾರಲು ಕಲಿತರೆ, ಎಷ್ಟೋ ಲೆವೆಲ್‌ಗಳ ತಲೆ ಮೇಲೆ ಹಾದು ಹೋಗಿಬಿಡಬಹುದು. ಕೆಳಗೆ ಅಷ್ಟು ಕಷ್ಟಪಟ್ಟು ಜೋಡಿಸಿಟ್ಟ ಲೆವೆಲ್ ಸುಮ್ಮನೆ ಇರುತ್ತದೆ, ನಾವು ಆಕಾಶ ನೋಡುತ್ತಾ ಹೋಗುತ್ತೇವೆ. ನನ್ನ ಪಟ್ಟಿಯಲ್ಲಿ ಇದು ಕೆಳಗಿಳಿದದ್ದಕ್ಕೆ ಇದೇ ಕಾರಣ. ಆದರೆ ಇದರ ನಡುವಿನ ಭಾಗದಲ್ಲಿ ಬೇರೆ ಯಾವ ಆಟಕ್ಕೂ ಇಲ್ಲದ ಒಂದು ಗುಟ್ಟು ಇದೆ. ಫಾರೆಸ್ಟ್ ಆಫ್ ಇಲ್ಯೂಷನ್‌ನಲ್ಲಿ ಮಾಮೂಲಿ ದಾರಿಯಲ್ಲಿ ಎಷ್ಟು ಲೆವೆಲ್ ಮುಗಿಸಿದರೂ ಕಾಡಿನಲ್ಲೇ ಸುತ್ತುತ್ತೀರಿ. ಗುಟ್ಟಿನ ಬಾಗಿಲು ಹುಡುಕಿದರೆ ಮಾತ್ರ ಹೊರಗೆ ದಾರಿ. ಅಲ್ಲಿಯವರೆಗೆ ಗುಟ್ಟಿನ ದಾರಿಗಳು ಬೇಕಾದವರಿಗೆ ಮಾತ್ರ ಇದ್ದವು, ಇಲ್ಲಿಂದ ಎಲ್ಲರೂ ಹುಡುಕಲೇಬೇಕು. ಚಾಕೊಲೇಟ್ ಐಲ್ಯಾಂಡ್ 2ರಲ್ಲಿ ನೀವು ಎಷ್ಟು ನಾಣ್ಯ ಹಿಡಿದಿರಿ, ಎಷ್ಟು ಹೊತ್ತು ತೆಗೆದುಕೊಂಡಿರಿ ಅನ್ನುವುದರ ಮೇಲೆ ಮುಂದಿನ ಭಾಗವೇ ಬದಲಾಗುತ್ತದೆ. ಒಟ್ಟು 96 ಬಾಗಿಲುಗಳು. ಎಲ್ಲವನ್ನೂ ತೆರೆಯಬೇಕಿಲ್ಲ, ಆದರೆ ಸ್ಪೆಷಲ್ ವಲಯದವರೆಗೆ ಹೋಗಿ ಬನ್ನಿ, ಅದನ್ನು ಮುಗಿಸಿದರೆ ಇಡೀ ನಕ್ಷೆಗೆ ಬೇರೆ ಋತುವಿನ ಬಣ್ಣ ಬರುತ್ತದೆ.

ಇನ್ನು ಯೋಶೀಸ್ ಐಲ್ಯಾಂಡ್. ಇಲ್ಲಿ ನಾವು ಆಡುವ ಯೋಶಿ ಅನ್ನುವ ಡೈನೋಸಾರ್‌ನ ಬೆನ್ನಿನಿಂದ ಮಗು ಮಾರಿಯೋ ಬಿದ್ದಾಗ ಬರುವ ಅಳು ಕೇಳಲಾರದೆ ನಾನು ಹಿಂದೆ ಇದನ್ನು ಎರಡನೇ ವರ್ಲ್ಡಿಗೇ ಬಿಟ್ಟಿದ್ದೆ. ಅಳು ಈಗಲೂ ಕಿವಿ ಕೊರೆಯುತ್ತದೆ. ಆದರೆ ದಾಟಿ ಹೋಗಿ. ಕ್ರೇಯಾನಿನಲ್ಲಿ ಬರೆದಂತಹ ಆ ಬೆಟ್ಟಗುಡ್ಡಗಳ ನಡುವೆ, 3-4ರ ಕೋಟೆಯಲ್ಲಿ ಒಂದು ಕಪ್ಪೆ ನಿಮ್ಮನ್ನು ನುಂಗುತ್ತದೆ, ಅದರ ಹೊಟ್ಟೆಯೊಳಗೇ ಹೊಡೆದಾಟ. 5-8ರಲ್ಲಿ ನಿಮ್ಮನ್ನು ಚಂದ್ರನ ಮೇಲೆ ಎಸೆಯುತ್ತಾರೆ, ಪುಟ್ಟ ಚಂದ್ರನ ಸುತ್ತ ಓಡುತ್ತಾ ಕಾಗೆಯ ಜೊತೆ ಜಗಳ. ಆರು ವರ್ಲ್ಡ್‌ಗಳಲ್ಲಿ ಎಲ್ಲೂ ಇದು ಮೊದಲೇ ನೋಡಿದ್ದೆ ಅನ್ನಿಸಲಿಲ್ಲ. ಪುಟ್ಟಿಯೂ ಆ ಮಾತು ಒಮ್ಮೆಯೂ ಹೇಳಲಿಲ್ಲ. ಒಂದೇ ಎಚ್ಚರಿಕೆ: ಪ್ರತಿ ಲೆವೆಲ್‌ನಲ್ಲಿ 100ಕ್ಕೆ 100 ತೆಗೆಯಲು ಹೋಗಬೇಡಿ. 30 ನಕ್ಷತ್ರ, 20 ಕೆಂಪು ನಾಣ್ಯ, 5 ಹೂವು ಅಂತ ಮೂಲೆ ಮೂಲೆ ತಡಕುತ್ತಾ ಕೂತರೆ ಓಟದ ಲಯ ಸತ್ತುಹೋಗುತ್ತದೆ. ಮೊದಲ ಸಲ ಸುಮ್ನೆ ಆಡಿ.

ಪಟ್ಟಿ ಕಟ್ಟುವುದು

ಎಂಟನ್ನೂ ಒಟ್ಟಿಗೆ ಇಟ್ಟುಕೊಂಡು ಯೋಚಿಸಬೇಡಿ, ತಲೆ ಕೆಡುತ್ತದೆ. ಎರಡೆರಡೇ ತೆಗೆದುಕೊಳ್ಳಿ. ಈ ಎರಡರಲ್ಲಿ ಒಂದನ್ನು ಮಾತ್ರ ಇವತ್ತು ರಾತ್ರಿ ಮತ್ತೆ ಆಡಬಹುದು ಅಂದರೆ ಯಾವುದು? ಗೆದ್ದದ್ದನ್ನು ಮುಂದಿನದರ ಜೊತೆ ಇಡಿ. ನಿರ್ಧಾರ ಆಗದಿದ್ದರೆ ಎರಡೂ ಆಟಗಳ ನಡುವಿನ ವರ್ಲ್ಡಿನಿಂದ ಒಂದೊಂದು ಲೆವೆಲ್ ಆರಿಸಿ, ಒಂದೇ ದಿನ ಒಂದಾದ ಮೇಲೊಂದು ಆಡಿ. ಮೊದಲ ವರ್ಲ್ಡಿನಿಂದ ಆರಿಸಬೇಡಿ, ಅಲ್ಲಿ ನೆನಪು ಮತ್ತೆ ಬಂದು ಕೂರುತ್ತದೆ. ನೋಟ್‌ಬುಕ್ಕಿನ ಮೂರು ಸಾಲುಗಳನ್ನು ಜೊತೆಗೆ ತೆರೆದಿಡಿ.

ಮೊದಲ ಮಾರಿಯೋಗೆ ಎಷ್ಟು ಗೌರವ ಕೊಡಬೇಕು ಅನ್ನುವ ಪ್ರಶ್ನೆ ಖಂಡಿತ ಬರುತ್ತದೆ. ಎಲ್ಲದಕ್ಕೂ ಅಡಿಪಾಯ ಅದೇ ತಾನೇ? ನನ್ನ ಪ್ರಕಾರ ಅಡಿಪಾಯಕ್ಕೆ ಅಂತ ಜಾಸ್ತಿ ಅಂಕ ಬೇಡ. ನಾವು ಇಲ್ಲಿ ಬರೆಯುತ್ತಿರುವುದು ಚರಿತ್ರೆ ಅಲ್ಲ, ಇವತ್ತು ಕೈಯಲ್ಲಿ ಹಿಡಿದು ಆಡಿದಾಗ ಹೇಗಿದೆ ಅನ್ನುವುದು. ಹಾಗೆ ನೋಡಿದರೂ ಅದು ಅರ್ಧಕ್ಕಿಂತ ಕೆಳಗೆ ಇಳಿಯುವುದಿಲ್ಲ, ನೋಡಿ.

ನನ್ನ ಪಟ್ಟಿ ಕೊನೆಗೆ ಹೀಗೆ ನಿಂತಿತು. ಮೂರನೇ ಭಾಗ ಎಲ್ಲಕ್ಕಿಂತ ಮೇಲೆ, ಅದರಲ್ಲಿ ನನಗೆ ಯಾವ ಅನುಮಾನವೂ ಇಲ್ಲ. ಎರಡನೆಯದು ಯೋಶೀಸ್ ಐಲ್ಯಾಂಡ್, ಕೂದಲೆಳೆಯ ಅಂತರದಲ್ಲಿ ಮೂರನೆಯದು ಸೂಪರ್ ಮಾರಿಯೋ ವರ್ಲ್ಡ್. ಕೇಪ್ ಇಲ್ಲದೆ ಆಡಿದ ದಿನ ವರ್ಲ್ಡ್ ಎರಡಕ್ಕೆ ಏರುತ್ತದೆ, ಕೇಪ್ ಹಾಕಿದ ದಿನ ಇಳಿಯುತ್ತದೆ. ನಾಲ್ಕು ಮೊದಲ ಮಾರಿಯೋ, ಐದು ಅಮೆರಿಕದ ಎರಡನೇ ಭಾಗ, ಆರು ಲ್ಯಾಂಡ್ 2. ಏಳು ಲ್ಯಾಂಡ್, ಎಂಟು ಲಾಸ್ಟ್ ಲೆವೆಲ್ಸ್. ಕೊನೆಯ ಎರಡರ ಬಗ್ಗೆ ಜಗಳ ಆಡಲು ಬರುವವರು ಬರಲಿ, ಆದರೆ ಮೊದಲು ಲಾಸ್ಟ್ ಲೆವೆಲ್ಸ್‌ನ ಎಂಟೂ ವರ್ಲ್ಡ್ ಮುಗಿಸಿ ಬನ್ನಿ. ಪುಟ್ಟಿಯ ಪಟ್ಟಿಯಲ್ಲಿ ತರಕಾರಿ ಕೀಳುವ ಆಟ ಮೊದಲನೆಯದು. ಆ ಮೊಟ್ಟೆಯ ಸವಾರಿಯನ್ನು ಅವಳು ಇನ್ನೂ ಎಲ್ಲರಿಗೂ ಹೇಳುತ್ತಿದ್ದಾಳೆ.

ಪಟ್ಟಿ ಆದಮೇಲೆ ಮಡಚಿಟ್ಟ ಹಳೆಯ ಹಾಳೆ ತೆಗೆದು ಪಕ್ಕದಲ್ಲಿ ಇಡಿ. ಯಾವ ಆಟ ಮೂರು ಸ್ಥಾನಕ್ಕಿಂತ ಜಾಸ್ತಿ ಮೇಲೆ ಅಥವಾ ಕೆಳಗೆ ಹೋಗಿದೆಯೋ ಅದರ ಮುಂದೆ ಕಾರಣ ಬರೆಯಿರಿ. ನನ್ನದರಲ್ಲಿ ಅಂಥದ್ದು ಒಂದೇ, ಆರರಿಂದ ಎರಡಕ್ಕೆ ಏರಿದ ಯೋಶೀಸ್ ಐಲ್ಯಾಂಡ್. ಕಾರಣ: ಹಿಂದೆ ಎರಡನೇ ವರ್ಲ್ಡ್ ದಾಟಿರಲೇ ಇಲ್ಲ.

ಶುರು ಮಾಡುವವರು ಈ ಶನಿವಾರವೇ ಮಾಡಿ. 1-1 ಮುಗಿಸಿ. 1-2ರ ಕೊನೆಯಲ್ಲಿ ಆ ಮೇಲಿನ ಇಟ್ಟಿಗೆ ಸಾಲಿನ ಕಡೆ ಕೈ ತಾನಾಗಿಯೇ ಹೋಗುತ್ತದೆ, ಹೋಗಲು ಬಿಡಬೇಡಿ. ಕೆಳಗೇ ಇದ್ದು ಅಲ್ಲಿರುವ ಮಾಮೂಲಿ ಪೈಪಿನೊಳಗೆ ಹೋಗಿ. ಆಚೆ 1-3 ಇದೆ.